ಪುಟ ಹನ್ನೊಂದು, ಸಾಲು ನಾಲ್ಕು

ಕೌನ್ಸಿಲ್ ವರದಿಯಲ್ಲಿ ಅದು ಒಂದೇ ಸಾಲು:
‘ಬಂದರು ರಸ್ತೆಯ ಶೌಚಾಲಯ ಮತ್ತೆ ತೆರೆದಿದೆ.’
ಪಕ್ಕದಲ್ಲೊಂದು ಹಸಿರು ಬಾಣ, ಮೇಲ್ಮುಖ.
ಟೈಪು ಮಾಡಿದವಳು ನಾನೇ.
ಗುಂಡಿ ಮುಚ್ಚಿದ್ದು, ಕಸದ ಲಾರಿ ಹೊತ್ತಿಗೆ ಬಂದದ್ದು,
ಎಲ್ಲಕ್ಕೂ ಅದೇ ಬಾಣ.

ಮೂರು ವರ್ಷ ಇದ್ವಾಲ್ ಪ್ಯಾರಿ
ಮಾಂಸದಂಗಡಿ ದಾಟಿದವನಲ್ಲ.
ಅಲ್ಲಿಗೆ ಇನ್ನೂರು ಹೆಜ್ಜೆ;
ಮೂತ್ರಕೋಶ ಕೊಟ್ಟ ಗಡುವು ಅಷ್ಟೇ.
ಯಾರಿಗೂ ಹೇಳಲಿಲ್ಲ. ಕೇಳಿದರೆ,
‘ಸಮುದ್ರ ನೋಡಿ ಸಾಕಾಗಿದೆ’ ಅನ್ನುತ್ತಿದ್ದ,
ದೋಣಿ ಕಟ್ಟಿ ಬದುಕಿದವನು.

ಮಂಗಳವಾರ ಕಂಡೆ:
ತಡೆಗೋಡೆಯ ಮೇಲೆ ಕೂತಿದ್ದ,
ಟೋಪಿ ಹಾರದಂತೆ ತೊಡೆಯಡಿ ಒತ್ತಿಟ್ಟು.
ಒಂದು ಪೊಟ್ಟಣ ಚಿಪ್ಸ್, ಎರಡು ಕಡಲಹಕ್ಕಿ,
ಅವಕ್ಕೆ ವೆಲ್ಷ್ ನುಡಿಯಲ್ಲಿ ಬೈಗುಳ.
‘ಬಾಗಿಲ ಚಿಲಕ ಸಡಿಲ’ ಅಂದ, ನನ್ನ ನೋಡಿ,
‘ಬರೆದುಕೋ.’

ಬರೆದುಕೊಂಡೆ.