ಅಲೆ ಸುಮ್ಮನಿರುವ ಜಾಗ

ಬೈತಖೋಲದಿಂದ ಬರುವ ಹುಡುಗಿ, ರೋಶನಿ ತಾಂಡೇಲ.
ಕೊನೆಯ ಬೆಂಚು. ಚೀಲದಲ್ಲಿ ಪುಸ್ತಕಕ್ಕಿಂತ ಬಲೆದಾರ ಹೆಚ್ಚು.
ಕರೆಂಟು ಹೋದ ಮಧ್ಯಾಹ್ನ ಎದ್ದು ಬಂದು
ಬೀಸುಬಲೆಯ ಅಂಚಿನ ಸೀಸದ ಗುಂಡೊಂದನ್ನು
ನನ್ನ ಮೇಜಿನ ಮೇಲಿಟ್ಟಳು.
"ಇದನ್ನ ಒಡೀದೆ ಒಳಗೇನಿದೆ ಅಂತ
ಹೇಗೆ ಹೇಳ್ತೀರಿ ಸರ್?"

ಹದಿನೇಳು ವರ್ಷದಿಂದ ಇದೇ ಪಾಠ.
ಎಲೆಕ್ಟ್ರಾನುಗಳನ್ನು ಓಡಿಸಿ ಓಡಿಸಿ ಪರಮಾಣುವಿನ ಬೀಜಕ್ಕೆ ಎಸೆಯುವುದು,
ಯಾವ ಕೋನಕ್ಕೆ ಎಷ್ಟು ಚದುರಿದವೆಂದು ಎಣಿಸುವುದು,
ಎಣಿಕೆಯಿಂದ ಆಕಾರ ಕಟ್ಟುವುದು.
ಹೇಳಿದೆ. ಬೋರ್ಡಿನ ಮೇಲೆ ಗೆರೆ ಎಳೆದೆ:
ಇಳಿಯುತ್ತದೆ, ಗುಂಡಿಗೆ ಬೀಳುತ್ತದೆ,
ತುಸು ಏಳುತ್ತದೆ, ಮತ್ತೆ ಗುಂಡಿ.
ಆ ಯಂತ್ರವನ್ನು ನಾನು ಕಂಡವನಲ್ಲ
ಎನ್ನುವುದನ್ನು ಮಾತ್ರ ಹೇಳಲಿಲ್ಲ.
ಮೈಲುದ್ದದ ಆ ಸುರಂಗ ನನ್ನ ಪಾಲಿಗೆ
ಜೆರಾಕ್ಸ್ ಹಾಳೆಯಲ್ಲಿ ಒಂದು ಬೂದು ಪಟ್ಟಿ.

"ಗುಂಡಿ ಯಾಕೆ?"
ಅಲೆ ಅಲೆಯನ್ನು ಅಳಿಸಿದ ಜಾಗ ಅದು, ಅಂದೆ.
ಎಲೆಕ್ಟ್ರಾನೂ ಅಲೆಯೇ, ಬಹಳ ಗಿಡ್ಡ ಅಲೆ.
ಅವಳು ನಕ್ಕಳು. ಗೌರವ ಬಿಡದ, ಆದರೆ ನಗುವೇ.
"ಇದು ನಮ್ಮ ಅಜ್ಜನಿಗೆ ಗೊತ್ತು ಸರ್."

ಮಂಜು ಬಿದ್ದ ಬೆಳಗು ಕೂರ್ಮಗಡ ಕಾಣುವುದಿಲ್ಲವಂತೆ.
ಅಜ್ಜ ಇಂಜಿನ್ನು ನಿಲ್ಲಿಸಿ
ದೋಣಿಯ ತಳಕ್ಕೆ ಬರಿಗಾಲು ಊರಿ ನಿಲ್ಲುತ್ತಾನೆ.
ನಡುಗಡ್ಡೆಗೆ ಬಡಿದ ತೆರೆ ಎರಡಾಗಿ,
ಆ ಕಡೆಯಿಂದೊಂದು ಈ ಕಡೆಯಿಂದೊಂದು ಸುತ್ತಿ ಬಂದು
ಹಿಂದೆ ಕೂಡುತ್ತವೆ.
ಒಂದು ಕಡೆ ದೋಣಿ ಎರಡು ಪಾಲು ಕುಣಿಯುತ್ತದೆ.
ನಾಲ್ಕು ಹುಟ್ಟು ಆಚೆ
ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ನೀರು.
ಮತ್ತೆ ಕುಣಿತ. ಮತ್ತೆ ಎಣ್ಣೆ.
"ಸುಮ್ಮನಿರೋ ಪಟ್ಟಿ ಒತ್ತೊತ್ತಾಗಿದ್ರೆ ಕಲ್ಲು ದೊಡ್ಡದು,
ದೂರ ದೂರ ಇದ್ರೆ ಸಣ್ಣದು.
ಕಣ್ಣೇ ಬೇಡ ಅಂತಾನೆ ಅಜ್ಜ."

ನನ್ನ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು.

ಸಂಜೆ ಕೋಡಿಬಾಗದ ತುದಿಗೆ ಹೋದೆ, ಜೇಬಿನಲ್ಲಿ ಗುಂಡು.
ಕಾಳಿ ಎಲ್ಲಿ ಮುಗಿದು ಕಡಲು ಎಲ್ಲಿ ಶುರುವೆಂದು
ಗೂಟ ಹೊಡೆದು ತೋರಿಸುವವರಿಲ್ಲ.
ಬೀಜದ ಅಂಚೂ ಹೀಗೇ,
ಬಂದರಿನ ಕಟ್ಟೆಯಲ್ಲ, ದಂಡೆ:
ಒದ್ದೆಯಿಂದ ಒಣಕ್ಕೆ ಮೆಲ್ಲಗೆ ಇಳಿಯುವ ಸಾಂದ್ರತೆ.
ಅಂಚು ಮೆದುವಾದಷ್ಟೂ ಗೆರೆ ಬೇಗ ಬೀಳುತ್ತದೆ
ಎಂದು ಓದಿದ್ದೆ. ಕಾಲಡಿ ಮರಳು ಕುಸಿದಾಗ
ಓದಿದ್ದು ಮೊದಲ ಸಲ ಪಾದಕ್ಕೆ ತಾಕಿತು.

ಸೀಸದ ಬೀಜಕ್ಕೆ ಇನ್ನೂ ಒಂದು ಗುಟ್ಟಿದೆ.
ನ್ಯೂಟ್ರಾನುಗಳು ಪ್ರೋಟಾನುಗಳಿಗಿಂತ ಸ್ವಲ್ಪ ಆಚೆ ಚಾಚಿ
ತೆಳ್ಳಗೆ ಒಂದು ಚರ್ಮ ಹೊದ್ದಿವೆ.
ವಿದ್ಯುತ್ತಿಲ್ಲದವುಗಳ ಮಾತು ಎಲೆಕ್ಟ್ರಾನಿಗೆ ಕೇಳದು.
ಆದರೂ ಎಡಕ್ಕೆ ತಿರುಗುವುದನ್ನೊಮ್ಮೆ
ಬಲಕ್ಕೆ ತಿರುಗುವುದನ್ನೊಮ್ಮೆ ಎಸೆದು ನೋಡಿದರೆ
ಎಣಿಕೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ:
ಹತ್ತು ಲಕ್ಷಕ್ಕೆ ಅರ್ಧ.
ಆ ಅರ್ಧಕ್ಕಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟ ಜನರಿದ್ದಾರೆ.

ಅಲ್ಲೊಬ್ಬ ಮುದುಕ ಬಲೆ ಬೀಸುತ್ತಿದ್ದ, ಎಡಗೈಯಲ್ಲಿ.
ಬಲೆ ಗಾಳಿಯಲ್ಲಿ ಬಿಚ್ಚಿ ದುಂಡಾಗಿ
ಸೀಸಗಳೆಲ್ಲ ಒಟ್ಟಿಗೆ ನೀರು ಮುಟ್ಟಿದವು.
ರೋಶನಿಯ ಅಜ್ಜನೋ ಅಲ್ಲವೋ, ಕೇಳಲಿಲ್ಲ.
"ಮೀನು ಬಂತಾ?" ಅಂದೆ.
"ಬಂದ್ರೆ ಎಳೀಲಿಕ್ಕೆ ಗೊತ್ತಾಗ್ತದೆ," ಅಂದ,
ನನ್ನ ಕಡೆ ತಿರುಗಲೂ ಇಲ್ಲ.

ಮಾರ್ಚಿನಲ್ಲಿ ಅವಳ ಉತ್ತರಪತ್ರಿಕೆ ಬಂತು.
ಫೆರ್ಮಿ ಬರೆಯಬೇಕಾದಲ್ಲಿ ಸೆಂಟಿಮೀಟರು ಬರೆದಿದ್ದಾಳೆ,
ಹಾಗೆಂದರೆ ಬೀಜ ನಿಂಬೆಹಣ್ಣಿನಷ್ಟಾಯಿತು.
ಆದರೆ ಗೆರೆ ಸರಿ, ಎರಡೂ ಗುಂಡಿ ಸರಿ,
ಮೊದಲ ಗುಂಡಿಗೆ ಬಾಣ ಹಾಕಿ
ಪೆನ್ಸಿಲ್ಲಿನಲ್ಲಿ: ಇಲ್ಲಿ ದೋಣಿ ಅಲ್ಲಾಡುವುದಿಲ್ಲ.

ಮಾನಕ್ಕೆ ಒಂದು ಅಂಕ ಕಳೆದೆ.
ಬಾಣದ ಪಕ್ಕ ಅರ್ಧ ಕೊಟ್ಟೆ.
ಕೂಡಿದ ಮೇಲೆ ಮತ್ತೊಮ್ಮೆ ತೆರೆದು
ಅರ್ಧವನ್ನು ಹೊಡೆದು ಹಾಕಿ ಎರಡು ಮಾಡಿದೆ.
ಸೀಸದ ಗುಂಡು ಇನ್ನೂ ನನ್ನ ಬಳಿಯೇ ಇದೆ.
ಹಾಳೆ ಹಾರದಂತೆ ಇಡುತ್ತೇನೆ.