ಬೆಸ, ಸರಿ

ಡೆರಿಕ್ ಹಾಲ್‌ರಾಯ್ಡ್ ಮೊನ್ನೆ ಪಕ್ಷ ಬಿಟ್ಟ.
ದೂರವೇನಲ್ಲ: ಕೋಲ್ಡ್‌ಬೆಕ್ ಟೌನ್ ಹಾಲಿನಲ್ಲಿ
ನಾಲ್ಕು ಕುರ್ಚಿ ಆಚೆ, ಹೀಟರ್ ಕೆಟ್ಟಿರುವ ಕಡೆ.

ಕಾರಣ ಕೇಳಿದರೆ ಈಜುಕೊಳ ಅಂದ.
ಅದನ್ನು ಮುಚ್ಚಲು ನಾವೆಲ್ಲ ಕೈ ಎತ್ತಿದಾಗ
ಅವನ ಕೈ ಮೇಜಿನ ಕೆಳಗೇ ಇತ್ತು.
ನನ್ನದು? ಎತ್ತಿದೆ. ವಿಪ್ ನೋಡುತ್ತಿದ್ದಳು.

ಇಪ್ಪತ್ತೆರಡು ವರ್ಷ ಒಂದೇ ಬೀದಿಯಲ್ಲಿ
ಕರಪತ್ರ ಹಂಚಿದವರು ನಾವು.
ಅವನು ಬೆಸ, ನಾನು ಸರಿ
(ಮನೆ ನಂಬರಿನ ಮಾತು).
ನಲವತ್ತೊಂದರ ನಾಯಿ ಬೆರಳು ಕಚ್ಚಿದಾಗ
ಕೆಂಪು ರೋಸೆಟ್ಟಿನ ರಿಬ್ಬನ್ನಿನಲ್ಲೇ ಕಟ್ಟಿದ್ದೆ;
ರಕ್ತ ಜಿನುಗಿದ್ದೂ ಕಾಣಲಿಲ್ಲ.

ಸಭೆಯಲ್ಲಿ ಐರಿಸ್ ‘ದ್ರೋಹಿ’ ಎಂದಳು.
ನಾನೂ ಅಂದೆ, ಸ್ವಲ್ಪ ತಡವಾಗಿ.
ಬಾಯಲ್ಲಿ ಬಿಸ್ಕತ್ತಿತ್ತು.

ಈಗ ಮೇ ತಿಂಗಳು. ನನ್ನ ಗೇಟು ಕಿರುಗುಟ್ಟಿತು.
ಸರಿ ಬದಿಗೂ ಈಗ ಅವನೇ ಬರಬೇಕು.
ಗಾಜಿನಾಚೆ ಅದೇ ಹಳೇ ಕೋಟು,
ಎದೆಯ ಮೇಲೆ ಬೇರೆ ಬಣ್ಣ.
ನನ್ನ ಬಾಗಿಲ ಅಂಚೆಕಂಡಿಯ ಸ್ಪ್ರಿಂಗು ಬಲು ಬಿಗಿ,
ಅವನ ಬೆರಳಿಗೋ ಸಂಧಿವಾತ.

ಒಳಗಿನಿಂದ ಮುಚ್ಚಳ ಎತ್ತಿ ಹಿಡಿದೆ.
ಕಾಗದ ಬಂತು. ಬೆರಳು ಒಂದು ಗಳಿಗೆ
ಅಲ್ಲೇ ನಿಂತಿತು.

ವೋಟು ಹಾಕುವುದಿಲ್ಲ, ಡೆರಿಕ್.
ಕಚ್ಚುವುದೂ ಇಲ್ಲ.