ಪರದೆಯ ಬಾಡಿಗೆ

ಹೆಸರು ಬೆರಿವಾನ್ ಎಂದಳು.
ನನ್ನ ಕಿವಿಗೆ ಬಿದ್ದದ್ದು ‘ಬ್ಯಾರಿ ವ್ಯಾನು’.
ನಾನೂ ಬ್ಯಾರಿಯೇ, ವ್ಯಾನಿಲ್ಲ ಅಷ್ಟೆ, ಎಂದೆ.
ನಕ್ಕಳೋ ಇಲ್ಲವೋ, ಕ್ಯಾಮರಾ ಮುಖಕ್ಕೆ ಅಡ್ಡವಿತ್ತು.
ಯಾವ ದೇಶ ಎಂದರೆ ನಾಲ್ಕು ದೇಶ ಎಣಿಸಿ
ಬೆರಳು ಮಡಚಿಕೊಂಡು
ಕುರ್ದ್, ಎಂದು ನಿಲ್ಲಿಸಿದಳು.

ಬಂದರಿನ ಈ ಓಣಿಗೆ ಪಟ ತೆಗೆಸಲು ಈಗ ಯಾರು ಬರುತ್ತಾರೆ?
ಮೆಣಸಿನ ಮಂಡಿಯ ಘಾಟಿಗೆ ಸೀನುತ್ತ
ಪಾಸ್‌ಪೋರ್ಟಿನವರು.
ಬಿಳಿ ಗೋಡೆ. ಎರಡೂ ಕಿವಿ ಕಾಣಬೇಕು. ನಗಬಾರದು.
ಹತ್ತು ನಿಮಿಷ, ಎಂಟು ಪ್ರತಿ.

ಅವಳಿಗೆ ಬೇಕಾದದ್ದು ಅಟ್ಟದ ಮೇಲಿತ್ತು:
ಉಪ್ಪನ ಕಾಲದ ಪರದೆ,
ಚಾಪೆಯಂತೆ ಸುರುಳಿ ಸುತ್ತಿಟ್ಟದ್ದು.
ಬಿಚ್ಚಿದೆವು. ಇಲಿ ತಿಂದ ಮೂಲೆ ಬಿಟ್ಟರೆ
ಬೆಟ್ಟ ಹಾಗೇ ಇತ್ತು, ನೆತ್ತಿಯಲ್ಲಿ ಹಿಮ.
ಬಿಡಿಸಿದವನು ವಾಮನ ಸಾಲ್ಯಾನ್,
ದೋಣಿಗಳಿಗೆ ನಂಬರು ಬರೆಯುತ್ತಿದ್ದವನು.
ಅವನು ಹಿಮ ಕಂಡದ್ದು ಐಸ್ ಪ್ಲಾಂಟಿನಲ್ಲಿ,
ಬಂಗುಡೆಯ ಮೇಲೆ.
ದೋಣಿಗೆ ಬಳಿದು ಉಳಿದ ಬಿಳಿಯನ್ನೇ
ಶಿಖರಕ್ಕೂ ಹಚ್ಚಿದ.
ಅದರೆದುರು ನಿಂತವರೆಷ್ಟೋ:
ಬೆಂಗ್ರೆಯ ಮದುಮಕ್ಕಳು, ದಮ್ಮಾಮಿಗೆ ಹೊರಟ ಗಂಡಸರು,
ಬೊಕ್ಕಪಟ್ಣದ ಅವಳಿ ಹುಡುಗಿಯರು, ಒಬ್ಬಳು ಕಣ್ಣು ಮುಚ್ಚಿ.
ಹುಟ್ಟಿದಂದಿನಿಂದ ಉಪ್ಪುಗಾಳಿ ತಿಂದವರು,
ಎಲ್ಲರ ಬೆನ್ನಿಗೂ ಅದೇ ಬೆಟ್ಟ.

ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.
ಬಹಳ ಹೊತ್ತಿನ ಮೇಲೆ
ಇದು ಬೆಟ್ಟವಲ್ಲ ಎಂದಳು.
ಆಡು ಎಲ್ಲಿ ಕಾಲೂರಬೇಕು ಇಲ್ಲಿ?

ಆಮೇಲೆ ಹೇಳಿದ್ದು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ:
ಅಜ್ಜಿಯದು ಒಂದೇ ಒಂದು ಪಟವಿತ್ತು,
ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು.
ಹಿಂದೆ ಬಿಡಿಸಿದ ಸಮುದ್ರ. ತೆರೆ, ಹಾಯಿ, ದೀಪಸ್ತಂಭ.
ಅಜ್ಜಿ ಕಂಡ ಅತಿ ದೊಡ್ಡ ನೀರೆಂದರೆ
ಹಿಮ ಕರಗಿ ತುಂಬುವ ತೊರೆ.
ಹಳ್ಳಿ ಸುಟ್ಟ ವರ್ಷ
ಪಟವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು
ಹಿಪ್ಪುನೇರಳೆಯ ಬುಡದಲ್ಲಿ ಹೂತರು.
ಮರಳಿ ಹೋದಾಗ ಮರವಿಲ್ಲ.
ಎಲ್ಲಿ ಅಗೆಯುವುದು?

ನಾನು ಚಹಾ ತರಿಸಿದೆ.

ಬೆರಿವಾನ್ ಎಂದರೆ ಕುರಿಯ ಹಾಲು ಕರೆಯುವವಳು.
ಸರಕಾರದ ಚೀಟಿಯಲ್ಲಿ ಬೇರೆ ಹೆಸರಿದೆಯಂತೆ,
ಅಪ್ಪ ಹೇಳಿದ್ದನ್ನು ಗುಮಾಸ್ತ ಬರೆದುಕೊಳ್ಳಲಿಲ್ಲ.
ನಿಮ್ಮ ಮನೆಮಾತಿಗೆ ಅಕ್ಷರವಿದೆಯೇ?
ಕನ್ನಡದ್ದನ್ನು ತೊಡುತ್ತೇವೆ,
ಅಣ್ಣನ ಅಂಗಿ ತಮ್ಮ ತೊಟ್ಟ ಹಾಗೆ, ತೋಳು ತುಸು ಉದ್ದ.
ಯಾರಾದರೂ ಬೈಯುತ್ತಾರೆಯೇ?
ಬೈಯುವುದಿಲ್ಲ. ಕೇಳುವುದೂ ಇಲ್ಲ.

ಮರುದಿನ ಪರದೆ ಹೊತ್ತು ಫೆರಿ ಹತ್ತಿದೆವು.
ಬೆಂಗ್ರೆಯ ಹೊಯಿಗೆಯಲ್ಲಿ ಎರಡು ಹುಟ್ಟು ನೆಟ್ಟು ಕಟ್ಟಿದರೆ
ಗಾಳಿಗೆ ಹೊಟ್ಟೆಯುಬ್ಬಿಸಿ
ಬೆಟ್ಟ ಹಾಯಿಯಾಯಿತು.
ಒಣಮೀನು ಮಗುಚುತ್ತಿದ್ದ ಸೀತು ಕರ್ಕೇರ
ಕೈ ಒರೆಸಿಕೊಂಡು ಬಂದು, ಇಲಿ ತಿಂದ ಮೂಲೆ ತಡವಿ,
‘ಉಂದು ಎನ್ನ ಮದ್ಮೆದ ಗುಡ್ಡೆ’ ಎಂದಳು.
ಅವಳನ್ನು ತೆಗೆದಳು ಬೆರಿವಾನ್, ಮುಖವನ್ನಲ್ಲ,
ಬಟ್ಟೆಯ ಮೇಲಿಟ್ಟ ಆ ಕೈಯನ್ನು.

ಕೊನೆಗೆ ಕ್ಯಾಮರಾ ನನಗೆ ಕೊಟ್ಟು
ಪರದೆ ದಾಟಿ ಆಚೆ ನಡೆದಳು,
ನಿಜದ ನೀರಿಗೆ ಬೆನ್ನು ಕೊಟ್ಟು ನಿಂತಳು.
ಎಡಗೈ, ಇಲ್ಲದ ಕುರ್ಚಿಯ ಬೆನ್ನಿಗೆ ಆನಿಸಿದ ಹಾಗೆ.
ಮುಖ ತುಸು ಓರೆ.
ಅಜ್ಜಿ ಹೀಗೆ ನಿಂತಿದ್ದಳಂತೆ. ಇರಬಹುದು.
ತೆರೆ ಬಂದು ಕಣಕಾಲು ನೆನೆಸಿತು, ಕದಲಲಿಲ್ಲ.
ಕೂದಲು ಹಾರಿ ಒಂದು ಕಿವಿ ಮುಚ್ಚಿತ್ತು,
ಹೇಳಲು ಬಾಯಿ ಬಂತು, ಕಸುಬಿನ ಚಾಳಿ.
ನುಂಗಿದೆ. ಒತ್ತಿದೆ.

ಹೋಗುವಾಗ ರಶೀದಿ ಬೇಕೆಂದಳು.
ಬೆರಿವಾನ್ ಎಂದು ಬರೆದೆ, ವಾ ದೀರ್ಘ, ಕೊನೆಯಲ್ಲಿ ಅರ್ಧ ನಕಾರ,
ಯಾವ ದಾಖಲೆಯನ್ನೂ ಕೇಳದೆ.
ಆ ನಾಲ್ಕು ಅಕ್ಷರಗಳ ಪಟ ತೆಗೆದಳು, ಮೂರು ಸಲ.
ಕಾರ್ಬನ್ ಪ್ರತಿ ನನ್ನ ಬಳಿ ಇದೆ.
ಊರು ಎಂಬ ಗೆರೆಯ ಮೇಲೆ ಪೆನ್ನು ನಿಂತು ಯೋಚಿಸಿತ್ತು,
ಖಾಲಿ ಬಿಡಲು ಮನಸ್ಸಾಗದೆ
ಬಂದರು, ಎಂದು ಬರೆದೆ.
ಪರದೆ ಬಾಡಿಗೆ ಮುನ್ನೂರು.
ಬಾಕಿ ನಲವತ್ತು.